ಐದು ಬಣ್ಣ, ನಾಲ್ಕು ಹಳೆಯ ಹಲಗೆ

ಚಳ್ಳಕೆರೆ
12 ಜನವರಿ 2009

ಅಣ್ಣನಿಗೆ ವನಜಾಕ್ಷಿ ಮಾಡುವ ನಮಸ್ಕಾರ.

ಇಲ್ಲಿ ಎಲ್ಲರೂ ಚೆನ್ನಾಗಿದ್ದೇವೆ. ಅತ್ತಿಗೆಯ ಮಂಡಿನೋವು ಹೇಗಿದೆ? ಫೋನಿನಲ್ಲಿ ಎಷ್ಟು ಕೂಗಿದರೂ ನಿನಗೆ ಕೇಳುವುದಿಲ್ಲ. ಅತ್ತಿಗೆ ನಡುವೆ ನಿಂತು ಅರ್ಧ ಹೇಳಿ ಅರ್ಧ ನುಂಗುತ್ತಾಳೆ. ಪವರ್‌ಲೂಮ್ ಶೆಡ್ಡು ನಿನ್ನ ಕಿವಿ ತಿಂದಿತು, ಅದಕ್ಕೆ ನಾನು ಪೆನ್ನು ಹಿಡಿಯಬೇಕಾಯಿತು.

ಒಂದು ಕೆಲಸವಿದೆ. ಬಸ್ ಸ್ಟ್ಯಾಂಡಿನ ಹಿಂದಿನ ನಮ್ಮ ವಿಡಿಯೋ ಗೇಮ್ ಅಂಗಡಿಗೆ ಇವರು ಬೆಂಗಳೂರಿನ ಹಳೇ ಸಾಮಾನಿನ ಸಂತೆಯಿಂದ ಎರಡು ಗಿಟಾರ್ ತಂದಿದ್ದಾರೆ. ನಿಜವಾದ ಗಿಟಾರ್ ಅಲ್ಲ, ಪ್ಲಾಸ್ಟಿಕ್ಕಿನದು, ತಂತಿಯೇ ಇಲ್ಲ. ಕತ್ತಿನ ಮೇಲೆ ಐದು ಬಟನ್: ಹಸಿರು, ಕೆಂಪು, ಹಳದಿ, ನೀಲಿ, ಕಿತ್ತಳೆ. ಟಿವಿಯಲ್ಲಿ ಹಾಡು ಶುರುವಾದರೆ ಅದೇ ಬಣ್ಣದ ಬೊಟ್ಟುಗಳು ಮೇಲಿಂದ ಇಳಿಯುತ್ತವೆ. ಬೊಟ್ಟು ಗೆರೆಗೆ ಬಂದಾಗ ಎಡಗೈಯಲ್ಲಿ ಆ ಬಣ್ಣ ಒತ್ತಿ, ಬಲಗೈಯಲ್ಲಿ ಹೊಟ್ಟೆಯ ಹತ್ತಿರ ಇರುವ ಪಟ್ಟಿಯನ್ನು ಮೀಟಬೇಕು. ಸರಿಯಾದರೆ ಹಾಡು ಮುಂದೆ ಹೋಗುತ್ತದೆ. ತಪ್ಪಿದರೆ ಟಿವಿಯೊಳಗಿನ ಜನ ಹೋ ಎಂದು ಕೂಗಿ ಓಡಿಸುತ್ತಾರೆ. ಹಾಡು ಮುಗಿದ ಮೇಲೆ ನೂರಕ್ಕೆ ಎಷ್ಟು ಅಂತ ಶಾಲೆಯ ಹಾಗೆ ಅಂಕ ಬರುತ್ತದೆ.

ಒಂದು ಗಿಟಾರಿನ ಮೀಟುವ ಪಟ್ಟಿ ಮುರಿದಿದೆ. ಇಲ್ಲಿ ಅದನ್ನು ಮಾಡುವವರಿಲ್ಲ. ಊರಿನ ಮಗ್ಗಗಳಿಗೆಲ್ಲ ಮರಗೆಲಸ ಮಾಡುವವನು ನೀನು, ನಿನಗೆ ಇದು ದೊಡ್ಡದಲ್ಲ. ಬಸ್ ಡ್ರೈವರ್ ಬಾಲರಾಜು ಕೈಯಲ್ಲಿ ಕಳಿಸಿದ್ದೇನೆ.

ಸಂಕ್ರಾಂತಿಗೆ ಬರಲಾಗುವುದಿಲ್ಲ. ಮೊದಲೆಲ್ಲ ವರ್ಷಕ್ಕೆ ಮೂರು ತಿಂಗಳು ಬಂದು ನೇಯುತ್ತಿದ್ದೆ. ಅಂಗಡಿ ತೆರೆದ ಮೇಲೆ ಹೋದ ವರ್ಷ ತಪ್ಪಿತು. ಈ ಯುಗಾದಿಯೊಳಗೆ ಬಂದು ಕೂರುತ್ತೇನೆ. ಎರಡು ಯುಗಾದಿ ಖಾಲಿ ನಿಂತ ಮಗ್ಗವನ್ನು ಬಿಚ್ಚಿಬಿಡಬೇಕು ಅನ್ನುತ್ತಿದ್ದ ಅಪ್ಪನ ಮಾತು ನನಗೂ ನೆನಪಿದೆ. ನಿನ್ನ ಮಗ್ಗದ ಪಕ್ಕದ್ದು, ಅವ್ವ ಕೂತ ಮಗ್ಗ ಅದು. ಯಾರೂ ಕೈ ಹಾಕದಂತೆ ನೋಡಿಕೋ.

ವನಜಾಕ್ಷಿ


ಮೊಳಕಾಲ್ಮೂರು
21 ಜನವರಿ 2009

ವನಜಾಗೆ ಅಣ್ಣನ ಆಶೀರ್ವಾದ.

ಗಿಟಾರ್ ತಲುಪಿತು. ಬಾಲರಾಜು ಅದನ್ನು ಹೆಗಲಿಗೆ ನೇತುಹಾಕಿಕೊಂಡೇ ಬಸ್ಸಿನಿಂದ ಇಳಿದ, ಮದುವೆ ಗಂಡಿನ ಠೀವಿ. ನಿಮ್ಮತ್ತಿಗೆ ದುರುಗಕ್ಕ ನನ್ನ ಬಲಗಿವಿಗೆ ಬಾಯಿಟ್ಟು, "ಏಮಿದಿ? ಏನಿದು? ನಿನ್ ತಂಗಿಗೆ ನಲ್ವತ್ತು ಹತ್ರ ಬಂತು, ಇನ್ನೂ ಆಟದ್ ಸಾಮಾನು ಬಿಟ್ಟಿಲ್ವಾ?" ಅಂದಳು.

ಬಿಚ್ಚಿ ನೋಡಿದೆ. ಎಲಾ ಇವನ! ಹೊಟ್ಟೆ ಪೂರ್ತಿ ಖಾಲಿ. ಅಷ್ಟು ದೊಡ್ಡ ಮೈಯೊಳಗೆ ಅಂಗೈಯಗಲದ ಒಂದು ಹಸಿರು ಬಿಲ್ಲೆ, ಒಂದಷ್ಟು ವೈರು, ಐದಾರು ಸ್ವಿಚ್ಚು. ಇಷ್ಟಕ್ಕೆ ಈ ವೇಷ ಯಾಕೆ? ರೇಡಿಯೋ ಗಾದ್ರಪ್ಪನನ್ನು ಕರೆಸಿ ಕೇಳಿದೆ. ಅವನು ಕಾಗದದ ಮೇಲೆ ಬರೆದು ತೋರಿಸಿದ: "ಜನಕ್ಕೆ ವೇಷಾನೇ ಬೇಕು, ದಾಸಣ್ಣ." ಇರಬಹುದು.

ಮುರಿದ ಪಟ್ಟಿಗೆ ಎಮ್ಮೆ ಕೊಂಬಿನ ತುಂಡು ತೀಡಿ ಕೂರಿಸಿದ್ದೇನೆ. ಈಗ ಮುರಿಯಲಿ ನೋಡೋಣ.

ನಿನ್ನ ಅಕ್ಷರಕ್ಕೆ ಏನಾಗಿದೆ? ಸಾಲುಗಳು ಕುರಿ ಮಂದೆ ಹೊರಟ ಹಾಗಿವೆ. ಮೂಲೆಯಲ್ಲಿ ಲೋಟದ ಗುರುತು ಬೇರೆ. ಟೀ ಕುಡಿಯುತ್ತಾ ಅಣ್ಣನಿಗೆ ಕಾಗದ ಬರೆಯುವಷ್ಟು ದೊಡ್ಡ ಅಂಗಡಿಯವಳಾದೆಯಾ ತಾಯಿ? ಅವ್ವ ಇದ್ದಿದ್ದರೆ ತಲೆಗೆ ಮೊಟಕುತ್ತಿದ್ದಳು.

ಮಗ್ಗ ಹಾಗೇ ಇದೆ. ಬೇಗ ಬಾ. ಗೆದ್ದಲಿಗೆ ನನ್ನ ಮಾತು ಕೇಳುವ ಅಭ್ಯಾಸವಿಲ್ಲ.

ದಾಸಣ್ಣ


ಚಳ್ಳಕೆರೆ
3 ಫೆಬ್ರವರಿ 2009

ಅಣ್ಣಾ,

ಇದನ್ನು ಕಳಿಸುವುದಿಲ್ಲ. ಬರೆದು ಒಲೆಗೆ ಹಾಕುತ್ತೇನೆ, ಮನಸ್ಸಾಗದಿದ್ದರೆ ಟ್ರಂಕಿನ ತಳಕ್ಕೆ.

ದೀಪಾವಳಿ ಕಳೆದು ಹದಿನೈದು ದಿನಕ್ಕೆ ನನಗೆ ಲಕ್ವ ಹೊಡೆಯಿತು. ಬೆಳಿಗ್ಗೆ ಎದ್ದರೆ ಮಗ್ಗುಲಲ್ಲಿ ಒಂದು ಕೈ ಬಿದ್ದಿತ್ತು, ಯಾರದೋ ಅಂದುಕೊಂಡೆ. ಚಿತ್ರದುರ್ಗದ ಆಸ್ಪತ್ರೆಯಲ್ಲಿ ಒಂಬತ್ತು ದಿನ ಇದ್ದೆ. ಸೊಟ್ಟಗಾಗಿದ್ದ ಬಾಯಿ ಸರಿಹೋಯಿತು. ಕಾಲಿಗೆ ಏನೂ ಆಗಿಲ್ಲ. ಎಡಗೈಯೂ ಆಡುತ್ತದೆ, ನಿಧಾನಕ್ಕೆ. ಮುಟ್ಟಿದ್ದು ಮಾತ್ರ ತಿಳಿಯುವುದಿಲ್ಲ. ಮೊನ್ನೆ ಬಾಣಲೆ ತಗುಲಿ ಸುಟ್ಟಿತು, ವಾಸನೆ ಬಂದ ಮೇಲೆ ತಿರುಗಿ ನೋಡಿದೆ. ಕಾಗದವನ್ನು ಒತ್ತಿ ಹಿಡಿಯಲೂ ಆಗದು. ಮೂಲೆಯ ಮೇಲೆ ನೀರಿನ ಲೋಟ ಇಟ್ಟು ಬರೆಯುತ್ತೇನೆ.

ಅಳು ಬರುತ್ತದೆ ಅಂತ ಕಾದೆ. ಬರಲಿಲ್ಲ. ಕೈ ಒಂದೇ ಅಲ್ಲ, ನಾನೇ ಜೋಮು ಹಿಡಿದ ಹಾಗಿದ್ದೇನೆ. ಯಾರು ಏನು ಹೇಳಿದರೂ ಸರಿ ಅನ್ನುತ್ತೇನೆ.

ಡಾಕ್ಟರು ರಬ್ಬರ್ ಚೆಂಡು ಕೊಟ್ಟು ಹಿಸುಕು ಅಂದರು. ಹಿಸುಕಿದ್ದು ಗೊತ್ತಾಗದೆ ಬಿಟ್ಟುಬಿಟ್ಟೆ. ಒಂದು ಮಧ್ಯಾಹ್ನ ಅಂಗಡಿಯಲ್ಲಿ ಗಿರಾಕಿ ಇಲ್ಲದಾಗ ಆ ಗಿಟಾರ್ ಎತ್ತಿಕೊಂಡೆ. ನೂರಕ್ಕೆ ಒಂಬತ್ತು ಬಂತು. ಇವತ್ತು ಮೂವತ್ತೊಂದು. ಕೈ ಹೇಳದ್ದನ್ನು ಟಿವಿ ಹೇಳುತ್ತದೆ, ಅಷ್ಟೇ. ದಿನಾ ಅದೇ ಒಂದು ಹಾಡು.

ನನಗೆ ಹಾಡು ಬೇಕಾಗಿಲ್ಲ. ನೇಯುವಾಗ ಹರಿದ ರೇಷ್ಮೆ ಎಳೆಗೆ ಗಂಟು ಹಾಕಲು ಎರಡು ಎಡ ಬೆರಳು ಬೇಕು. ಅಷ್ಟು ಬಂದರೆ ನಾನು ಅವ್ವನ ಮಗ್ಗಕ್ಕೆ ಕೂರುತ್ತೇನೆ. ನಿನಗೆ ಹೇಳಿದರೆ, "ಪಾಪ, ಇನ್ನೇನ್ ನೇಯ್ತಾಳೆ" ಅಂತ ಆವತ್ತೇ ಬಿಚ್ಚಿ ಅಟ್ಟಕ್ಕೆ ಹಾಕುತ್ತೀಯ. ಆಮೇಲೆ ಕೈ ಬಂದರೂ ನಾನು ಎಲ್ಲಿಗೆ ಬರಲಿ?


ಚಳ್ಳಕೆರೆ
4 ಫೆಬ್ರವರಿ 2009

ಅಣ್ಣನಿಗೆ ನಮಸ್ಕಾರ.

ಗಿಟಾರ್ ಬಂತು. ಕೊಂಬಿನ ಪಟ್ಟಿ ಗಟ್ಟಿಯಾಗಿದೆ. ಇವರಿಗೆ ತುಂಬಾ ಖುಷಿ. ಸಾಲು ಸೊಟ್ಟ ಬಂದದ್ದಕ್ಕೆ ಟೇಬಲ್ ಸರಿಯಿಲ್ಲ, ಬೇರೇನಿಲ್ಲ.

ಇನ್ನೊಂದು ಕೇಳಬೇಕಿತ್ತು. ನಮ್ಮಲ್ಲಿಗೆ ಸೂರಮ್ಮ ಅಂತ ಒಬ್ಬರು ಮಧ್ಯಾಹ್ನ ಬರುತ್ತಾರೆ. ಎಣ್ಣೆ ಮಿಲ್ಲಿನಲ್ಲಿ ಕಡಲೆಬೀಜ ಆರಿಸುತ್ತಿದ್ದವರು. ಲಕ್ವ ಹೊಡೆದು ಎಡಗೈಗೆ ಸ್ಪರ್ಶ ಇಲ್ಲ. ಬೆರಳಿಗೆ ಕಸರತ್ತು ಅಂತ ಈ ಆಟ ಆಡುತ್ತಾರೆ. ಕಣ್ಣು ಟಿವಿಯ ಮೇಲಿಟ್ಟರೆ ಬೆರಳು ಯಾವ ಬಟನ್ ಮೇಲಿದೆ ಅಂತ ಅವರಿಗೆ ತಿಳಿಯುವುದಿಲ್ಲ. ಬೆರಳು ನೋಡಿದರೆ ಬೊಟ್ಟು ದಾಟಿ ಹೋಗುತ್ತದೆ. ಇದನ್ನು ಮಾಡಿದವರು ಎಲ್ಲರ ಬೆರಳೂ ಒಂದೇ ಅಂದುಕೊಂಡಿದ್ದಾರೆ. ಅಂಥವರಿಗೂ ತಿಳಿಯುವ ಹಾಗೆ ಏನಾದರೂ ಮಾಡಬಹುದಾ? ಎರಡನೇ ಗಿಟಾರನ್ನೂ ಬಾಲರಾಜು ಕೈಗೆ ಕೊಟ್ಟಿದ್ದೇನೆ.

ವನಜಾಕ್ಷಿ


ಮೊಳಕಾಲ್ಮೂರು
18 ಫೆಬ್ರವರಿ 2009

ವನಜಾ,

ನಿನ್ನ ಸೂರಮ್ಮ ನನ್ನ ನಿದ್ದೆ ಕೆಡಿಸಿದಳು.

ಮೊದಲು ಬಟನ್ ಮೇಲೆ ಮುಳ್ಳಿನ ಹಾಗೆ ಮೊಳೆ ಏಳಿಸಿದೆ. ಆಮೇಲೆ ನನ್ನ ಬುದ್ಧಿಗೆ ನಾನೇ ಥೂ ಅಂದುಕೊಂಡೆ. ಸ್ಪರ್ಶವೇ ಇಲ್ಲದ ಬೆರಳಿಗೆ ಮುಳ್ಳಾದರೇನು, ಬೆಣ್ಣೆಯಾದರೇನು?

ನಾನು ಕಿವುಡ. ಆ ಹಾಡು ಹೇಗಿದೆಯೋ ದೇವರಿಗೇ ಗೊತ್ತು. ಆದರೆ ನೀನು ಬರೆದ ಆಟವನ್ನು ಮತ್ತೆ ಮತ್ತೆ ಓದಿದರೆ ಅದು ನಮ್ಮ ಮಗ್ಗದ ಹಾಗೇ ಇದೆ. ಬಣ್ಣ ಬರುತ್ತದೆ, ಆರಿಸಬೇಕು, ಹೊಡೆಯಬೇಕು. ಮಗ್ಗದ ಕೆಳಗೆ ತೋಡಿದ ಗುಂಡಿಗೆ ಕಾಲು ಇಳಿಬಿಟ್ಟು ಕೂತರೆ ಯಾವ ಎಳೆ ಏಳಬೇಕು ಅಂತ ಆರಿಸುವುದು ಯಾವುದು? ಕಾಲು. ಕೆಳಗಿನ ನಾಲ್ಕು ಹಲಗೆಯಲ್ಲಿ ಒಂದು ತುಳಿದರೆ ಎಳೆ ಏಳುತ್ತದೆ, ಕೈ ಲಾಳಿ ಹೊಡೆಯುತ್ತದೆ. ಹಾಗಿದ್ದ ಮೇಲೆ ಈ ಗಿಟಾರಿನಲ್ಲಿ ಆರಿಸುವ ಕೆಲಸ ಎಡಗೈಗೇ ಯಾಕೆ? ನಿಜವಾದ ಗಿಟಾರಿಗೆ ತಂತಿ ಇದೆ, ಬೆರಳು ಬೇಕು. ಇದಕ್ಕೆ ತಂತಿಯೇ ಇಲ್ಲ! ಇಲ್ಲದ ತಂತಿಗೆ ಹೆದರಿ ಅದೇ ಆಕಾರ ಯಾಕೆ ಹೊತ್ತುಕೊಂಡು ತಿರುಗಬೇಕು? ಐದು ಹಲಗೆ ನೆಲದ ಮೇಲೆ, ಐದು ಬಣ್ಣ. ಕಾಲು ಆರಿಸಲಿ, ಬಲಗೈ ಮೀಟಲಿ. ಸೂರಮ್ಮನ ಎಡಗೈ ಮಡಿಲಲ್ಲಿ ಸುಮ್ಮನೆ ಕೂರಲಿ.

ಗಾದ್ರಪ್ಪ ಐದು ಸಣ್ಣ ಬಲ್ಬು ಕಟ್ಟಿಕೊಟ್ಟಿದ್ದಾನೆ. ರಟ್ಟಿನ ಮೇಲೆ ತುಳಿದರೆ ಬಲ್ಬು ಹತ್ತುತ್ತದೆ. ಹತ್ತಿದ್ದು ನೋಡಿ ಮಕ್ಕಳ ಹಾಗೆ ಚಪ್ಪಾಳೆ ಹೊಡೆದೆ. ಈಗ ಒಣಗಿದ ಗಟ್ಟಿ ಮರ ಹುಡುಕಬೇಕು, ಹಸಿ ಮರ ಬಾಗುತ್ತದೆ.

ಯುಗಾದಿಗೆ ಐದು ವಾರ ಇದೆ. ಎಂದು ಬರುತ್ತೀಯ ಅಂತ ಬರೆ. ಈ ಸಲವೂ ಲೋಟದ ಗುರುತು ಇತ್ತು.

ದಾಸಣ್ಣ


ಚಳ್ಳಕೆರೆ
5 ಮಾರ್ಚ್ 2009

ಅಣ್ಣನಿಗೆ ನಮಸ್ಕಾರ.

ಕಾಲಿನ ಹಲಗೆಯ ವಿಷಯ ಇವರಿಗೆ ಹೇಳಿದೆ. ನಕ್ಕುಬಿಟ್ಟರು. "ನಿಮ್ಮಣ್ಣಂಗೆ ತಲೆ ಐತೆ ಕಣೆ, ಆದ್ರೆ ವ್ಯಾಪಾರ ಗೊತ್ತಿಲ್ಲ. ಜನ ಬರೋದೇ ಅದನ್ನ ಕತ್ತಿಗೆ ಹಾಕ್ಕಂಡು ಕನ್ನಡಿ ನೋಡ್ಕಣಾಕೆ. ಕೂತ್ಕಂಡು ಕಾಲಲ್ಲಿ ತುಳಿಯೋಕೆ ಇದೇನು ಹೊಲಿಗೆ ಮಿಷನ್ನಾ?" ಅಂದರು. ಗಿಟಾರ್ ಗಿಟಾರಿನ ಹಾಗೇ ಇರಬೇಕು ಅಂತ ಅವರ ವಾದ.

ಸೂರಮ್ಮನೂ ಬೇಡ ಅಂದರು. ಎಡಗೈ ಮಡಿಲಲ್ಲಿ ಕೂತರೆ ಅದು ಅಲ್ಲೇ ಕೂತುಬಿಡುತ್ತದೆ, ಅದಕ್ಕೇ ಕೆಲಸ ಕೊಡಬೇಕು ಅಂತ. ಈಗ ಐವತ್ತೆಂಟು ಬರುತ್ತಿದೆ ಅವರಿಗೆ. ಹಲಗೆ ಮಾಡುವ ಶ್ರಮ ತೆಗೆದುಕೊಳ್ಳಬೇಡ.

ಯುಗಾದಿಗೆ ಬರಲಾಗುವುದಿಲ್ಲ ಅಣ್ಣ. ರಜೆಯಲ್ಲಿ ಅಂಗಡಿ ಬಿಟ್ಟು ಬರುವ ಹಾಗಿಲ್ಲ. ಆಮೇಲೆ ಬರುತ್ತೇನೆ. ಮಗ್ಗ ಇರಲಿ. ಅಪ್ಪನ ಮಾತು ನೀನು ನಂಬುವವನಲ್ಲ ಅಂತ ನನಗೆ ಗೊತ್ತು.

ವನಜಾಕ್ಷಿ


ಮೊಳಕಾಲ್ಮೂರು
22 ಮಾರ್ಚ್ 2009

ವನಜಾ,

ಕಾಗದ ಸಿಕ್ಕಿತು. ಮೂರು ಕಾಗದದಲ್ಲೂ ಅಂಗಡಿ, ಅಂಗಡಿ. ಊರಿಗೆ ಬರಲು ದಾರಿ ಎಷ್ಟು ದೂರ? ಬೆಳಿಗ್ಗೆ ಬಸ್ಸು ಹತ್ತಿದರೆ ಊಟದ ಹೊತ್ತಿಗೆ ಇಲ್ಲಿರುತ್ತೀಯ. ಬರಬಾರದು ಅಂತಿದ್ದರೆ ಬರಬಾರದು ಅಂತ ಬರೆ, ನನಗೇನು ಬೇಜಾರಿಲ್ಲ. ಬೇಜಾರಿದೆ. ಇದ್ದರೂ ಬರೆ.

ನಿನಗಿಂತ ಆ ಸೂರಮ್ಮನೇ ವಾಸಿ. ಕೈ ಇಲ್ಲದೆಯೂ ದಿನಾ ಬಂದು ಕೂರುತ್ತಾಳೆ. ಎರಡೂ ಕೈ ಇದ್ದವಳು ನೀನು.

ಹಲಗೆ ಮಾಡುತ್ತೇನೆ. ಅವಳು ಬೇಡ ಅಂದರೂ ಒಂದು ದಿನ ದಣಿದಾಗ ಬೇಕಾಗುತ್ತದೆ. ಮರ ಸಿಕ್ಕಿದೆ.

ದಾಸಣ್ಣ


ಚಳ್ಳಕೆರೆ
11 ಏಪ್ರಿಲ್ 2009

ಅಣ್ಣಾ,

ನಿನ್ನ ಕಾಗದಕ್ಕೆ ಇಪ್ಪತ್ತು ದಿನ ಉತ್ತರ ಬರೆಯಲಿಲ್ಲ. ಒಂದು ಕೆಲಸ ಮುಗಿಸಿ ಬರೆಯೋಣ ಅಂತಿದ್ದೆ.

ಸೂರಮ್ಮ ಅಂತ ಯಾರೂ ಇಲ್ಲ. ಅದು ನಾನು. ನವೆಂಬರಿನಲ್ಲಿ ನನಗೆ ಲಕ್ವ ಹೊಡೆಯಿತು. ಹೇಳಿದರೆ ಮಗ್ಗ ಬಿಚ್ಚುತ್ತೀಯ ಅಂತ ಹೇಳಲಿಲ್ಲ. ಇವರಿಗೂ ಆಣೆ ಹಾಕಿಸಿದ್ದೆ. ಬೈಯುವುದಿದ್ದರೆ ಬಂದ ಮೇಲೆ ಬೈ.

ನಿನ್ನೆ ಎಪ್ಪತ್ನಾಲ್ಕು ಬಂತು. ಆಟ ನಿಲ್ಲಿಸಿ ಟ್ರಂಕಿನಿಂದ ಹಳೇ ರೇಷ್ಮೆ ಎಳೆ ತೆಗೆದೆ. ಹರಿದು ಗಂಟು ಹಾಕಿದೆ. ಹತ್ತು ಸಲ ಜಾರಿತು. ಹನ್ನೊಂದನೇ ಸಲಕ್ಕೆ ನಿಂತಿತು. ಎಳೆ ಎಡ ಬೆರಳಿಗೆ ತಾಗಿದ್ದು ತಿಳಿಯಿತು ಅಣ್ಣ. ಸ್ವಲ್ಪವೇ, ಗೋಡೆಯ ಆಚೆ ಯಾರೋ ನಡೆದ ಹಾಗೆ. ಇವರು ಅತ್ತರು. ನನಗೆ ಇನ್ನೂ ಅಳು ಬಂದಿಲ್ಲ, ಸುಮ್ಮನೆ ಗಂಟು ನೋಡುತ್ತಾ ಕೂತೆ.

20ನೇ ತಾರೀಖು ಸೋಮವಾರ ಬರುತ್ತೇನೆ. ಮೂರು ತಿಂಗಳು ಇರುತ್ತೇನೆ. ಮಗ್ಗದ ಧೂಳು ಹೊಡೆಸಿಡು. ಗೆದ್ದಲು ಹಿಡಿದಿದ್ದರೆ ಸೀಮೆಎಣ್ಣೆ ಒರೆಸು. ಹಾಸಿನ ಎಳೆ ಹೂಡಬೇಡ, ಅದನ್ನು ನಾನೇ ಹೂಡಬೇಕು.

ವನಜಾಕ್ಷಿ


ಮೊಳಕಾಲ್ಮೂರು
13 ಏಪ್ರಿಲ್ 2009

ವನಜಾ,

ಪೆಟ್ಟಿಗೆ ಬಾಲರಾಜು ಕೈಯಲ್ಲಿ ಕಳಿಸುತ್ತಿದ್ದೇನೆ, ಚೀಟಿ ಒಳಗಿದೆ. ನಿನ್ನಿಂದ ಕಾಗದವಿಲ್ಲ. ಇರಲಿ.

ಸೂರಮ್ಮನನ್ನು ಸ್ಟೂಲಿನ ಮೇಲೆ ಕೂರಿಸು. ಹಲಗೆಗಳು ಎಡದಿಂದ ಹಸಿರು, ಕೆಂಪು, ಹಳದಿ, ನೀಲಿ, ಕಿತ್ತಳೆ. ಬಣ್ಣ ತುದಿಗೆ ಮಾತ್ರ ಬಳಿದಿದ್ದೇನೆ. ಮೀಟುವ ಪಟ್ಟಿಯನ್ನು ಬಲಗೈ ಹತ್ತಿರ ಬೇರೆ ಹಿಡಿಕೆಗೆ ಕೂರಿಸಿದೆ. ವೈರು ಗಾದ್ರಪ್ಪನದು, ಎಳೆಯಬೇಡಿ. ಚಪ್ಪಲಿ ಬಿಟ್ಟು ತುಳಿಯಲು ಹೇಳು. ಕಣ್ಣು ಬೇಕಾಗಿಲ್ಲ, ಎರಡು ದಿನದಲ್ಲಿ ಪಾದಕ್ಕೆ ಗೊತ್ತಾಗುತ್ತದೆ.

ನಾಲ್ಕು ಹಲಗೆಗೆ ಹಳೇ ಜಾಲಿ ಮರ ಸಿಕ್ಕಿತು, ಐದನೆಯದು ಬೇವು. ಮರ ಎಲ್ಲಿಂದ ಅಂತ ಕೇಳಬೇಡ. ಸುಮ್ಮನೆ ನಿಂತಿರುವುದಕ್ಕಿಂತ ಯಾರದಾದರೂ ಕಾಲಿಗೆ ಆಗಲಿ.

ದಾಸಣ್ಣ


ಚಳ್ಳಕೆರೆ
15 ಏಪ್ರಿಲ್ 2009

ಅಣ್ಣಾ,

ಪೆಟ್ಟಿಗೆ ತೆಗೆದೆ. ಎರಡನೇ ಹಲಗೆಯಲ್ಲಿ ತಾಮ್ರದ ಮೊಳೆ ಇದೆ. ಅದು ಸೀಳಿದಾಗ ಅಪ್ಪ ಹೊಡೆದದ್ದು. ಮೂರನೆಯದರಲ್ಲಿ ಹೆಬ್ಬೆರಳಿನ ಕುಳಿ. ಮೊದಲು ಅವ್ವನದು, ಆಮೇಲೆ ನನ್ನದು.

ಇವರು ನನ್ನ ಮುಖ ನೋಡಿ, "ಯಾಕೆ? ಏನಾತು?" ಅಂದರು. ಏನಿಲ್ಲ, ಟಿವಿ ಹಾಕಿ ಅಂದೆ. ಸ್ಟೂಲಿನ ಮೇಲೆ ಕೂತು ಚಪ್ಪಲಿ ಬಿಟ್ಟು ತುಳಿದೆ. ಮೊದಲ ಸಲಕ್ಕೇ ತೊಂಬತ್ತಾರು ಬಂತು. ಒಂದೇ ಒಂದು ಸಲವೂ ಕೆಳಗೆ ನೋಡಲಿಲ್ಲ. ತಪ್ಪಿದ್ದೆಲ್ಲ ಐದನೆಯದು, ಬೇವಿನದು. ಟಿವಿಯೊಳಗಿನ ಜನ ಎದ್ದು ನಿಂತು ಚಪ್ಪಾಳೆ ಹೊಡೆದರು. ನೀನು ಹೇಳಿದ್ದು ಸರಿ, ಅದಕ್ಕೆ ಗಿಟಾರಿನ ಆಕಾರ ಬೇಕಾಗಿಲ್ಲ. ನೀನು ತುಂಬಾ ಚೆನ್ನಾಗಿ ಮಾಡಿದ್ದೀಯ.

ಸೋಮವಾರ ಬರುವುದಿಲ್ಲ. ಬಂದು ಎಲ್ಲಿ ಕೂರಲಿ?

ವನಜಾಕ್ಷಿ


ಮೊಳಕಾಲ್ಮೂರು
19 ಏಪ್ರಿಲ್ 2009

ವನಜಾ,

ಅಂಚೆಗೆ ಹಾಕದೆ ಇದನ್ನು ಬಾಲರಾಜು ಕೈಗೇ ಕೊಡುತ್ತಿದ್ದೇನೆ. ಅವನು ಅಂಗಡಿಗೇ ಬಂದು ಕೊಡುತ್ತಾನೆ.

ನಿನ್ನ ಗಂಟಿನ ಕಾಗದ ನನಗೆ ಸಿಕ್ಕಿದ್ದು ಪೆಟ್ಟಿಗೆ ಹೋದ ಮೂರನೇ ದಿನ. ಓದಿ ಅಂಗಳದಲ್ಲಿ ಕೂತವನು ಏಳಲಿಲ್ಲ. ದುರುಗಕ್ಕ ಕಿವಿಗೆ ಬಾಯಿಟ್ಟು ಏನು ಕೂಗಿದಳೋ, ಈ ಸಲ ನಿಜವಾಗಿಯೂ ಕೇಳಲಿಲ್ಲ. ಎರಡನೇ ಕಾಗದ ನಿನ್ನೆ ಬಂತು.

ಯುಗಾದಿಯ ಮಾರನೇ ದಿನ ಬಿಚ್ಚಿದೆ. ಅಪ್ಪನ ಮಾತಿಗಲ್ಲ, ಅದು ನೆಪ. ಸಿಟ್ಟಿಗೆ ಬಿಚ್ಚಿದೆ. ನೀನು ಆರಾಮಾಗಿ ಟೀ ಕುಡಿಯುತ್ತಾ ನಮ್ಮನ್ನು ಮರೆತೆ ಅಂದುಕೊಂಡೆ. ಕಂಬಗಳನ್ನು ಪಕ್ಕದ ಬೀದಿಯಲ್ಲಿ ಮನೆ ಕಟ್ಟಿಸುತ್ತಿರುವ ಮುರುಗೇಂದ್ರಪ್ಪನಿಗೆ ಬಾಗಿಲ ಚೌಕಟ್ಟಿಗೆ ಕೊಟ್ಟಿದ್ದೆ. ಓಡಿಹೋಗಿ ನೋಡಿದೆ. ಕೊಯ್ದು, ನಿಲ್ಲಿಸಿ, ಹಸಿರು ಬಣ್ಣ ಬಳಿದಿದ್ದಾನೆ. "ಬೇಕಿದ್ರೆ ಕಿತ್ಕೊಂಡ್ ಹೋಗ್ರಿ ದಾಸಣ್ಣ" ಅಂತ ಕೈಸನ್ನೆ ಮಾಡಿದ. ಕಿತ್ತರೂ ಅದು ಇನ್ನು ಮಗ್ಗವಾಗುವುದಿಲ್ಲ. ನನ್ನದು ತಪ್ಪು ವನಜಾ. ಹೋದದ್ದು ಹೋಯಿತು.

ಎಲ್ಲಿ ಕೂರಲಿ ಅಂತ ಕೇಳಿದ್ದೀಯ. ಮಗ್ಗದ ಗುಂಡಿಯನ್ನು ನಾನು ಮುಚ್ಚಿಲ್ಲ. ಮುಚ್ಚಲು ಒಂದು ಗಾಡಿ ಮಣ್ಣು ತರಿಸಿದ್ದೆ, ಇವತ್ತು ಅದನ್ನು ಹಿತ್ತಲಿಗೆ ಹಾಕಿಸಿದೆ. ಅಂಚಿನಲ್ಲಿ ಅವ್ವ ಬಳಿದ ಸಗಣಿ ನೆಲ ಹಾಗೇ ಇದೆ. ಕಂಬಕ್ಕೆ ನನ್ನ ಮಗ್ಗದ ಕಂಬಗಳಿವೆ. ನನ್ನದನ್ನು ಇವತ್ತೇ ಬಿಚ್ಚಿದೆ, ಕಣ್ಣು ಮಂಜಾಗಿ ಹೇಗೂ ಬಾರ್ಡರ್ ಕಾಣುತ್ತಿರಲಿಲ್ಲ. ಆ ನಾಲ್ಕು ಹಲಗೆ ತೆಗೆದುಕೊಂಡು ಬಾ. ಗಿಟಾರಿಗೆ ನಾಲ್ಕು ಹೊಸದು ಮಾಡಿಕೊಡುತ್ತೇನೆ. ನಿಮ್ಮ ಅಂಗಡಿಗೆ ನಿಜವಾಗಿಯೂ ಒಬ್ಬ ಸೂರಮ್ಮ ಬಂದರೆ ಬೇಕಾಗುತ್ತದೆ.

ನನ್ನ ಸಾಲುಗಳೂ ಈ ಸಲ ಸೊಟ್ಟಗಿವೆ, ನಗಬೇಡ. ಎಡಗೈಯನ್ನು ಬೆನ್ನ ಹಿಂದೆ ಇಟ್ಟುಕೊಂಡು ಬರೆಯುತ್ತಿದ್ದೇನೆ. ಮೂರು ಸಲ ಕಾಗದ ಜಾರಿತು. ನಾಲ್ಕನೇ ಸಲ ಮೂಲೆಯ ಮೇಲೆ ಲೋಟ ಇಟ್ಟೆ. ಅದರಲ್ಲಿ ಟೀ ಇಲ್ಲ, ನೀರು.

ದಾಸಣ್ಣ